ಪಂಜು ಹಿಡಿದವನ ನಿಯತ್ತು

ದಿನಕ್ಕೆ 2 ಬೆಳ್ಳಿ ನಾಣ್ಯ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಐದನೇ ಆವೃತ್ತಿಯಲ್ಲಿ, ಅಂದರೆ 2014ರ ಆಟಗಾರರ ಕೈಪಿಡಿಯಲ್ಲಿ, ಕಸುಬು ಕಲಿಯದ ಕೂಲಿಯಾಳಿಗೆ ಗೊತ್ತುಮಾಡಿರುವ ದರ ಇದು. ಹೊರೆ ಹೊರುವವನು, ಮನೆಗೆಲಸದವಳು, ಮೈಮುರಿದು ದುಡಿಯುವ ಎಲ್ಲರೂ ಈ ಲೆಕ್ಕಕ್ಕೇ ಬರುತ್ತಾರೆ. ಅದೇ ಪುಸ್ತಕದಲ್ಲಿ ಜೀವನಮಟ್ಟದ್ದೊಂದು ಪಟ್ಟಿ ಇದೆ. ಬಡವರಾಗಿ ಬದುಕಲು ದಿನಕ್ಕೆ ತಗಲುವ ಖರ್ಚು 2 ಬೆಳ್ಳಿ ನಾಣ್ಯ ಎಂದು ಅದು ಹೇಳುತ್ತದೆ. ಎರಡೂ ಸಾಲುಗಳನ್ನು ಬರೆದವರು ಅಕ್ಕಪಕ್ಕ ಇಟ್ಟು ನೋಡಿದ್ದರೋ ಇಲ್ಲವೋ, ಲೆಕ್ಕ ಮಾತ್ರ ಪಕ್ಕಾ: ದುಡಿದದ್ದು ಅವತ್ತಿನ ಗಂಜಿಗೇ ಸರಿಹೋಯಿತು, ಕೈಯಲ್ಲಿ ಕಾಸೂ ಉಳಿಯಲಿಲ್ಲ. ಗಾಯ ಮಾಯಿಸುವ ಔಷಧದ ಒಂದು ಸೀಸೆಗೆ 50 ಚಿನ್ನದ ನಾಣ್ಯ. 10 ಬೆಳ್ಳಿಗೆ 1 ಚಿನ್ನ. ಹಾಗಾಗಿ ಆ ಒಂದು ಸೀಸೆ ಅವನ 250 ದಿನಗಳ ಕೂಲಿ. ಸಾಹಸಿಗಳು ಅಂಥ ಸೀಸೆಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲಮಾಳಿಗೆಗೆ ಇಳಿಯುತ್ತಾರೆ. ಅವರ ಹಿಂದೆ, ಎಷ್ಟೋ ಸಲ ಅವರ ಮುಂದೆ, ಪಂಜು ಹಿಡಿದುಕೊಂಡು ಇವನು ನಡೆಯುತ್ತಾನೆ.

ಯಾಕೆ ನಡೆಯುತ್ತಾನೆ? ಈ ಪ್ರಶ್ನೆಗೆ ಆಟದ ನಿಯಮಗಳು ಐವತ್ತು ವರ್ಷಗಳಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿವೆ. ಈಚೆಗೆ ಪ್ರಶ್ನೆಯನ್ನೇ ಕೈಬಿಟ್ಟಿವೆ. ಹಾಗೆ ಬಿಟ್ಟದ್ದು ತಪ್ಪು ಎಂಬುದು ನನ್ನ ವಾದ.

ಈ ಬಗೆಯ ಆಟ ಆಡದವರಿಗಾಗಿ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡುತ್ತ, ದಾಳ ಉರುಳಿಸುತ್ತ ಕಥೆ ಕಟ್ಟುವುದು. ಗೈರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಹೆಸರಿನಲ್ಲಿ 1974ರಲ್ಲಿ ಅಮೆರಿಕದಲ್ಲಿ ಬಂದ ಮೂರು ಪುಟ್ಟ ಪುಸ್ತಿಕೆಗಳಿಂದ ಇದು ಶುರುವಾಯಿತು. ಆಟ ನಡೆಸುವವರು ಒಬ್ಬರಿರುತ್ತಾರೆ. ಪುಣೆಯ ನಮ್ಮ ಕನ್ನಡದ ಮೇಜಿನಲ್ಲಿ ಅವರನ್ನು ‘ಭಾಗವತರು’ ಅನ್ನುತ್ತೇವೆ. ಯಕ್ಷಗಾನ ಬಲ್ಲವರಿಗೆ ವಿವರಿಸಬೇಕಿಲ್ಲ. ಸಾಹಸಿಗಳನ್ನು ಬಿಟ್ಟು ಆ ಲೋಕದಲ್ಲಿ ಉಳಿದವರ ಬಾಯಿ, ಮನಸ್ಸು ಎಲ್ಲ ಭಾಗವತರ ಕೈಯಲ್ಲಿ. ಪಂಜಿನವನದೂ ಅಷ್ಟೇ.

ನಮ್ಮ ಮೇಜಿಗಾಗಿ ನಿಯಮಗಳನ್ನು ಸ್ವಲ್ಪ ಸ್ವಲ್ಪವೇ ಕನ್ನಡಕ್ಕೆ ತರುತ್ತಿದ್ದೇನೆ. ಅನುವಾದ ನನ್ನ ಹೊಟ್ಟೆಪಾಡು, ಇದು ಮಾತ್ರ ಪುಕ್ಕಟೆ ಕೆಲಸ. ಕತ್ತಿ, ಗುರಾಣಿ, ಮಂತ್ರ, ಮಾಟ ಎಲ್ಲ ಸಲೀಸಾಗಿ ಬಂದವು. ಸಿಕ್ಕಿಕೊಂಡದ್ದು ಆಳುಗಳ ಅಧ್ಯಾಯದಲ್ಲಿ. ಇಂಗ್ಲಿಷಿನಲ್ಲಿ ಹೈರ್ಲಿಂಗ್, ರೀಟೇನರ್, ಹೆಂಚ್‌ಮನ್, ಫಾಲೋಯರ್, ಕೋಹಾರ್ಟ್, ಸೈಡ್‌ಕಿಕ್, ಕಂಪ್ಯಾನಿಯನ್ ಎಂದು ಒಂದೊಂದು ಆವೃತ್ತಿಗೂ ಒಂದೊಂದು ಹೆಸರು. ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ: ಆಳು, ಕೂಲಿಯಾಳು, ಊಳಿಗದವನು, ಬಂಟ, ಪರಿವಾರ, ಚೇಲ, ಜೊತೆಗಾರ, ಒಡನಾಡಿ. ತೊಂದರೆ ಏನೆಂದರೆ ಇವುಗಳಲ್ಲಿ ಯಾವುದನ್ನು ಆರಿಸಿದರೂ ಆ ಮನುಷ್ಯ ಯಾಕೆ ಜೊತೆಗಿದ್ದಾನೆ ಎಂಬುದನ್ನು ನಾನೇ ತೀರ್ಮಾನಿಸಿದ ಹಾಗಾಗುತ್ತದೆ. ಕೂಲಿಯಾಳು ದುಡ್ಡಿಗೆ ಬಂದವನು. ಬಂಟ ಒಡೆಯನ ಮೇಲಿನ ಅಭಿಮಾನಕ್ಕೆ ಬಂದವನು. ಚೇಲ ಅಂದರೆ ಬೈಗುಳ. ಒಡನಾಡಿ ಅಂದರೆ ಸರಿಸಮ. ನಿಯಮ ಏನು ಹೇಳುತ್ತದೆ ಎಂದು ಖಚಿತಮಾಡಿಕೊಳ್ಳದೆ ಪದ ಹಾಕಲು ಬರುವುದಿಲ್ಲ. ಹಾಗಾಗಿ ಹಳೆಯ ಆವೃತ್ತಿಗಳನ್ನೆಲ್ಲ ಕೆದಕಬೇಕಾಯಿತು.

ನನಗೆ ಅತಿ ಹೆಚ್ಚು ಇಷ್ಟವಾದದ್ದು 1981ರಲ್ಲಿ ಟಾಮ್ ಮೋಲ್ಡ್ವೇ ಸಂಪಾದಿಸಿದ ‘ಬೇಸಿಕ್’ ಪುಸ್ತಕ. ಅಲ್ಲಿ ಆಳನ್ನು ಗೊತ್ತುಮಾಡಿಕೊಳ್ಳುವುದೇ ಒಂದು ಪರೀಕ್ಷೆ. ನೀವು ಕೂಲಿ, ಪಾಲು ಎಲ್ಲ ಹೇಳಿ ಕೇಳಬೇಕು. ಭಾಗವತರು ಎರಡು ದಾಳ ಉರುಳಿಸುತ್ತಾರೆ. ಎರಡು ಬಿದ್ದರೆ ಅವನು ಬರುವುದಿಲ್ಲ ಅನ್ನುವುದಷ್ಟೇ ಅಲ್ಲ, ಊರಲ್ಲಿ ನಿಮ್ಮ ಹೆಸರೂ ಕೆಡುತ್ತದೆ. ಹನ್ನೆರಡು ಬಿದ್ದರೆ ಹುಮ್ಮಸ್ಸಿನಿಂದ ಹೊರಡುತ್ತಾನೆ. ಬಂದ ಮೇಲೂ ಅವನಿಗೆ ಮೊರೇಲ್ ಎಂಬ ಒಂದು ಅಂಕ ಇರುತ್ತದೆ. ಸದ್ಯಕ್ಕೆ ಎದೆಗಾರಿಕೆ ಅನ್ನೋಣ. ಎಣಿಸದ ಅಪಾಯ ಎದುರಾದಾಗ ಮತ್ತೆ ಎರಡು ದಾಳ. ಎದೆಗಾರಿಕೆಗಿಂತ ಹೆಚ್ಚು ಬಿದ್ದರೆ ಅವನು ಓಡುತ್ತಾನೆ. ಸಾಹಸ ಮುಗಿದ ಮೇಲೆ ಇನ್ನೊಂದು ಸಲ. ಅಲ್ಲಿ ಸೋತರೆ ನಿಮ್ಮ ಜೊತೆ ಮುಂದೆ ಕೆಲಸ ಮಾಡುವುದಿಲ್ಲ. ಆಳುಗಳು ಬುದ್ಧಿಯಿಲ್ಲದ ಗುಲಾಮರಲ್ಲ, ಯುದ್ಧದಲ್ಲಿ ಅವರ ಹಿಂದೆ ನೀವು ಅಡಗಿ ಕೂರುವಂತಿಲ್ಲ, ಕೆಟ್ಟದಾಗಿ ನಡೆಸಿಕೊಂಡರೆ ಅವರು ನಾಲ್ಕು ಜನಕ್ಕೆ ಹೇಳುತ್ತಾರೆ, ಆಮೇಲೆ ನಿಮಗೆ ಆಳು ಸಿಗುವುದೇ ಕಷ್ಟ ಎಂಬ ಅರ್ಥದ ಮಾತುಗಳೂ ಅದೇ ಪುಸ್ತಕದಲ್ಲಿವೆ. ಹದಿಹರೆಯದ ಹುಡುಗರಿಗೆಂದು ಬರೆದ ಪುಸ್ತಕದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಈ ಎದೆಗಾರಿಕೆಯ ಅಂಕ ಬರುವುದು ಎಲ್ಲಿಂದ? ಆಳಿನ ಹಾಳೆಯಿಂದ ಅಲ್ಲ, ಒಡೆಯನ ಹಾಳೆಯಿಂದ. ಒಡೆಯನ ಕರಿಸ್ಮಾ, ಅಂದರೆ ವರ್ಚಸ್ಸು, ಎಷ್ಟಿದೆಯೋ ಆಳಿನ ಎದೆಗಾರಿಕೆ ಅದಕ್ಕೆ ತಕ್ಕಂತೆ. ವರ್ಚಸ್ಸು 18 ಇರುವವನಿಗೆ 7 ಆಳುಗಳು, ಅವರ ಎದೆಗಾರಿಕೆ 10. ಎಲ್ಲರ ಹಾಗೆ 9ರಿಂದ 12ರೊಳಗೆ ಇದ್ದರೆ 4 ಆಳು, ಎದೆಗಾರಿಕೆ 7. ವರ್ಚಸ್ಸು 3 ಇರುವ ಪಾಪದವನಿಗೆ ಒಬ್ಬನೇ ಆಳು, ಎದೆಗಾರಿಕೆ 4. ಎರಡು ದಾಳಗಳ ಲೆಕ್ಕ ಹಾಕಿ ನೋಡಿ: ಒಬ್ಬನೇ ಮನುಷ್ಯ ಮೊದಲನೆಯವನ ಬಳಿ ಕೆಲಸಕ್ಕಿದ್ದರೆ ನೂರಕ್ಕೆ ಸುಮಾರು 92 ಸಲ ನಿಲ್ಲುತ್ತಾನೆ, ಎರಡನೆಯವನ ಬಳಿ 58 ಸಲ, ಮೂರನೆಯವನ ಬಳಿ 17 ಸಲ. ಅವನು ಯಾರು, ಹೆಂಡತಿ ಮಕ್ಕಳು ಇದ್ದಾರೆಯೇ, ಯಾವುದಕ್ಕೆ ಹೆದರುತ್ತಾನೆ, ಯಾವುದಕ್ಕೆ ಹೆದರುವುದಿಲ್ಲ, ಇದೊಂದೂ ಲೆಕ್ಕಕ್ಕಿಲ್ಲ. ನಿಯತ್ತು ಎಂಬುದು ಒಡೆಯನ ಗುಣವಾಗಿಬಿಟ್ಟಿದೆ, ಅವನ ಮೀಸೆಯ ಹಾಗೆ.

ಇದರ ಬೇರು ಯುದ್ಧದಾಟಗಳಲ್ಲಿದೆ. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ತಂದ ‘ಚೈನ್‌ಮೇಲ್’ ಗೊಂಬೆ ಸೈನಿಕರ ಆಟ. ಅಲ್ಲಿ ಒಂದು ತುಕಡಿ ಮುರಿದು ಓಡುವುದೋ ನಿಲ್ಲುವುದೋ ಎಂಬುದಷ್ಟೇ ಪ್ರಶ್ನೆ. ತುಕಡಿಗೆ ಮನೆಮಠ ಇರುವುದಿಲ್ಲ. ಆ ತುಕಡಿಯ ಲೆಕ್ಕವನ್ನು ಒಬ್ಬೊಬ್ಬ ಮನುಷ್ಯನಿಗೆ ಅಂಟಿಸಿದಾಗ ವಿಚಿತ್ರವಾಗಿ ಕಾಣುವುದು ಸಹಜ. 1978–79ರ ‘ಅಡ್ವಾನ್ಸ್ಡ್’ ಆವೃತ್ತಿಯಲ್ಲಿ ಗೈಗ್ಯಾಕ್ಸ್ ಇದನ್ನು ಶೇಕಡಾವಾರು ಲೆಕ್ಕಕ್ಕೆ ಹಿಗ್ಗಿಸಿದರು. ಸಂಬಳ ಹೇಗಿದೆ, ಎಷ್ಟು ಕಾಲದಿಂದ ಜೊತೆಗಿದ್ದಾನೆ, ಒಡೆಯ ಕ್ರೂರಿಯೇ ದಯಾಳುವೇ ಎಂಬುದಕ್ಕೆಲ್ಲ ಕೂಡಿಸುವ ಕಳೆಯುವ ಪಟ್ಟಿ ಬಂತು. ಗುಮಾಸ್ತನ ಕೆಲಸ ಎಂದು ಇವತ್ತಿನ ಆಟಗಾರರು ಅದನ್ನು ನಗೆಯಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಪಟ್ಟಿಯ ಒಂದೊಂದು ಸಾಲೂ ಆಳು ಕೇಳಬಹುದಾದ ಒಂದೊಂದು ಪ್ರಶ್ನೆ.

ಈಗ ಪದಗಳ ಕಡೆಗೆ. ಕಂಪ್ಯಾನಿಯನ್ ಎಂಬುದು ಲ್ಯಾಟಿನ್ ಮೂಲದ್ದು, ‘ಕೂಡಿ ರೊಟ್ಟಿ ತಿನ್ನುವವನು’ ಎಂದು ಅದರ ಒಳ ಅರ್ಥ. ಹೆಂಚ್‌ಮನ್‌ನ ಮೊದಲರ್ಧ ಕುದುರೆ ಎಂಬ ಹಳೆಯ ಇಂಗ್ಲಿಷ್ ಪದ. ಅಲ್ಲಿಗೆ ಅವನು ಕುದುರೆಯಾಳು. ಹಳಗನ್ನಡದಲ್ಲೂ ಒಡೆತನ, ನಿಯತ್ತುಗಳ ಮಾತು ಬಂದಾಗ ಅನ್ನವೇ ಮುಂದೆ ಬರುತ್ತದೆ, ಆದರೆ ಬೇರೆ ದಾರಿಯಲ್ಲಿ. ಜೋಳವಾಳಿ ಎಂದರೆ ಒಡೆಯನ ಜೋಳ ತಿಂದದ್ದರ ಹಂಗು, ಆ ಹಂಗಿಗೆ ಯುದ್ಧದಲ್ಲಿ ತೀರಿಸಬೇಕಾದ ಸಾಲ. ವೇಳೆವಾಳಿ ಎಂದರೆ ವೇಳೆ ಬಂದಾಗ ಒಡೆಯನೊಡನೆ ಪ್ರಾಣ ಬಿಡುವ ಪಣ. ಇಂಥ ಪಣ ತೊಟ್ಟವರು ಲೆಂಕರು, ಗರುಡರು. ಹಳೇಬೀಡಿನ ಗರುಡಗಂಬದ ಶಾಸನ ನೋಡಿದವರಿಗೆ ಕುವರ ಲಕ್ಷ್ಮನ ಕಥೆ ಗೊತ್ತು. ಹೊಯ್ಸಳ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಹೆಂಡತಿಯನ್ನೂ ಪರಿವಾರವನ್ನೂ ಕೂಡಿಕೊಂಡು ಪ್ರಾಣ ಬಿಟ್ಟವನು ಅವನು. ರೊಟ್ಟಿಯನ್ನು ಕೂಡಿ ತಿಂದರೆ ಒಡನಾಡಿ, ಕೊಟ್ಟ ಜೋಳ ತಿಂದರೆ ಸಾಲಗಾರ. ಒಂದೇ ಅನ್ನ, ಎರಡು ಲೆಕ್ಕ. ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. ಉಂಡವನನ್ನು ಎರಡು ಬಗೆಯಬೇಡ ಎಂದು ಮನೆಗೆ ಬುದ್ಧಿ ಹೇಳುವ ಗಾದೆ ನನ್ನ ಕಿವಿಗೆ ಬಿದ್ದಿಲ್ಲ.

ಕನ್ನಡದ ಆ ಪದಗಳು ಇಷ್ಟು ಚೆಂದ ಇರುವಾಗ ಹೆಂಚ್‌ಮನ್‌ಗೆ ಲೆಂಕ ಎಂದು ಹಾಕಿಬಿಡು ಅಂದರು ಗೆಳೆಯರು. ಹಾಕಲಿಲ್ಲ. ಲೆಂಕನ ನಿಯತ್ತಿಗೆ ದಾಳ ಬೇಕಿಲ್ಲ, ಅವನು ಓಡುವುದಿಲ್ಲ. ಶಾಸನದಲ್ಲಿ ಓಡಿಹೋದ ಲೆಂಕನ ಹೆಸರನ್ನು ಯಾರು ಕೆತ್ತಿಸುತ್ತಾರೆ? ಆದರೆ 1981ರ ಪುಸ್ತಕದ ಆಳು ಓಡಬಲ್ಲವನು, ಅದೇ ಅವನ ಮಾನ. ಅವನಿಗೆ ‘ಜೊತೆಯಾಳು’ ಎಂದು ಕರೆದೆ. ಪದಕೋಶದಲ್ಲಿ ಸಿಕ್ಕದಿದ್ದರೂ ಅರ್ಥವಾಗುತ್ತದೆ.

ಮೂರನೇ ಆವೃತ್ತಿಗೆ ಬಂದಾಗ ವ್ಯವಹಾರ ಇನ್ನೂ ಬಿಗಿಯಾಯಿತು. ‘ಲೀಡರ್‌ಶಿಪ್’ ಎಂಬ ಒಂದು ಅರ್ಹತೆ. ಅದನ್ನು ಪಡೆದರೆ ನಿಮಗೊಬ್ಬ ಕೋಹಾರ್ಟ್, ಅಂದರೆ ಬಲಗೈ ಬಂಟ, ಅವನ ಜೊತೆಗೆ ಹಿಂಬಾಲಕರ ದಂಡು. ನಿಮ್ಮ ಮಟ್ಟಕ್ಕೆ ವರ್ಚಸ್ಸನ್ನು ಕೂಡಿಸಿದರೆ ನಾಯಕತ್ವದ ಅಂಕ. 2003ರ ಪರಿಷ್ಕೃತ ಆವೃತ್ತಿಯಲ್ಲಿ ಆ ಅಂಕವನ್ನು ತಗ್ಗಿಸುವ ಕಾರಣಗಳ ಪಟ್ಟಿ ಇದೆ. ನೀವು ಕ್ರೂರಿ ಎಂದು ಹೆಸರಾದರೆ 2 ಕಡಿಮೆ. ನಿಮ್ಮಿಂದಾಗಿ ಬಲಗೈ ಬಂಟ ಸತ್ತರೆ 2 ಕಡಿಮೆ, ಇನ್ನೊಬ್ಬ ಬಂಟ ಸತ್ತರೆ ಇನ್ನೂ 2, ಹೀಗೆ ಒಬ್ಬೊಬ್ಬನಿಗೂ ಕೂಡುತ್ತ ಹೋಗುತ್ತದೆ. ನಿಮ್ಮಿಂದಾಗಿ ಹಿಂಬಾಲಕರು ಸತ್ತರೆ 1 ಕಡಿಮೆ. ಇದಕ್ಕೆ ‘ಒಬ್ಬೊಬ್ಬರಿಗೂ’ ಎಂಬ ಟಿಪ್ಪಣಿ ಇಲ್ಲ. ಒಬ್ಬ ಸತ್ತರೂ ಒಂದು, ಮೂವತ್ತು ಜನ ಸತ್ತರೂ ಒಂದು. ನಿಯಮ ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಲೆಕ್ಕ ಸುಲಭವಾಗಲಿ ಎಂದಿರಬೇಕು. ಆದರೂ ಸಾವನ್ನು ಬಿಡಿಯಾಗಿ ಒಂದು ದರಕ್ಕೆ, ಸಗಟಿನಲ್ಲಿ ಇನ್ನೊಂದು ದರಕ್ಕೆ ಹಾಕುವ ಆ ಎರಡು ಸಾಲುಗಳನ್ನು ಅನುವಾದಿಸುವಾಗ ಪೆನ್ನು ಸರಾಗವಾಗಿ ಓಡಲಿಲ್ಲ.

2014ರ ಆವೃತ್ತಿಯ ಆಟ ನಡೆಸುವವರ ಪುಸ್ತಕದಲ್ಲಿ ನಿಯತ್ತಿನದೊಂದು ಐಚ್ಛಿಕ ನಿಯಮ ಉಳಿದುಕೊಂಡಿದೆ. ಚಿಕ್ಕದು, ಆದರೆ ಜಾಣತನದ್ದು. ಜೊತೆಗಾರನ ನಿಯತ್ತಿಗೆ 0ಯಿಂದ 20ರವರೆಗೆ ಅಂಕ. ಅವನಿಗೆ ಮುಖ್ಯವಾದ ಕೆಲಸದಲ್ಲಿ ನೀವು ನೆರವಾದರೆ ಏರುತ್ತದೆ. ಅವನ ನಂಬಿಕೆಗೆ ವಿರುದ್ಧ ನಡೆದರೆ ಇಳಿಯುತ್ತದೆ. ನಿಮ್ಮ ಸ್ವಾರ್ಥಕ್ಕಾಗಿ ಅವನಿಗೆ ಮೋಸಮಾಡಿದರೆ, ಅಪಾಯಕ್ಕೆ ನೂಕಿದರೆ, ಅದರ ಎರಡರಷ್ಟು ಇಳಿಯುತ್ತದೆ. 10 ದಾಟಿದ್ದರೆ ನಿಮಗಾಗಿ ಜೀವ ಪಣಕ್ಕಿಡುತ್ತಾನೆ. ಸೊನ್ನೆಯಾದರೆ ಬಿಟ್ಟುಹೋಗುತ್ತಾನೆ, ಇಲ್ಲವೇ ಒಳಗೇ ಇದ್ದು ಬತ್ತಿ ಇಡುತ್ತಾನೆ. ಈ ಅಂಕವನ್ನು ಆಟಗಾರರಿಗೆ ಹೇಳಬಾರದು, ಗುಟ್ಟಾಗಿ ಇಡಬೇಕು ಎಂಬುದು ಅದರ ಜೀವಾಳ. ಪಕ್ಕದಲ್ಲಿ ಪಂಜು ಹಿಡಿದು ನಿಂತವನ ಮನಸ್ಸಿನಲ್ಲಿ ಏನಿದೆ ಎಂದು ನಿಮಗೆ ತಿಳಿಯದು. ನಿಮ್ಮ ನಡತೆಯಿಂದ ಊಹಿಸಿಕೊಳ್ಳಬೇಕು. ಗರಿಷ್ಠ ಅಂಕ ಮಾತ್ರ ತಂಡದಲ್ಲಿ ಅತಿ ಹೆಚ್ಚು ವರ್ಚಸ್ಸು ಇರುವವರಷ್ಟೇ. ಹಳೆಯ ಮೀಸೆ ಇಲ್ಲೂ ಇಣುಕುತ್ತದೆ.

ಆಮೇಲೆ ಬಂದದ್ದು ಸೈಡ್‌ಕಿಕ್. ಮೊದಲು 2019ರ ಒಂದು ಪೆಟ್ಟಿಗೆಯಲ್ಲಿ, ಮತ್ತೆ 2020ರ ‘ತಾಶಾಸ್ ಕಾಲ್ಡ್ರನ್ ಆಫ್ ಎವ್ವೆರಿಥಿಂಗ್’ ಪುಸ್ತಕದಲ್ಲಿ. ಯೋಧ, ಕುಶಲಿ, ಮಂತ್ರಬಲ್ಲವ ಎಂದು ಮೂರು ಬಗೆ. ನಿಮ್ಮ ಜೊತೆಗೇ ಮಟ್ಟ ಏರುತ್ತದೆ, ಹೊಸ ಹೊಸ ಸಾಮರ್ಥ್ಯಗಳು ಬರುತ್ತವೆ. ಅಚ್ಚುಕಟ್ಟಾದ ನಿಯಮಗಳು, ಆಡಲು ಸುಲಭ, ಇಬ್ಬರೇ ಕೂತು ಆಡುವವರಿಗಂತೂ ವರ. ಆದರೆ ಆ ನಿಯಮಗಳಲ್ಲಿ ಎದೆಗಾರಿಕೆಯ ದಾಳ ಇಲ್ಲ, ನಿಯತ್ತಿನ ಅಂಕ ಇಲ್ಲ. ‘ಆಗಲ್ಲ’ ಅನ್ನುವ ಜಾಗವೇ ಇಲ್ಲ. ಹಳೆಯ ಆಳಿಗೆ ಕೂಲಿ ಕಡಿಮೆ, ಆಯುಸ್ಸು ಕಡಿಮೆ, ಗೌರವ ಕಡಿಮೆ, ಆದರೆ ಎದ್ದು ಹೋಗುವ ಸ್ವಾತಂತ್ರ್ಯ ಇತ್ತು. ಹೊಸಬನಿಗೆ ಎಲ್ಲವೂ ಇದೆ, ಅದೊಂದನ್ನು ಬಿಟ್ಟು.

ಇದಕ್ಕೆ ಆಟಗಾರರು ಕೊಡುವ ಉತ್ತರ ನನಗೆ ಗೊತ್ತು. ವಾರವೆಲ್ಲ ಆಫೀಸಿನಲ್ಲಿ ಜೀವ ತೇಯ್ದು ಭಾನುವಾರ ಮೂರು ಗಂಟೆ ಆಡಲು ಬರುತ್ತೇವೆ, ಅಲ್ಲೂ ಆಳಿನ ಮುನಿಸು ಕೇಳಿಕೊಂಡು ಕೂರಬೇಕೇ? ಡ್ರ್ಯಾಗನ್ ಕೊಲ್ಲಲು ಬಂದವರು ಹಾಜರಿ ಪುಸ್ತಕ ಬರೆಯಬೇಕೇ? ನ್ಯಾಯವಾದ ಮಾತು. ಆಟಕ್ಕೆ ಬೇಸರ ತರುವ ನಿಯಮ ಎಷ್ಟೇ ಧರ್ಮದ್ದಾಗಿದ್ದರೂ ಯಾರೂ ಆಡುವುದಿಲ್ಲ. ಭಾಗವತರು ಜಾಣರಾಗಿದ್ದರೆ ನಿಯಮ ಇಲ್ಲದೆಯೂ ಪಂಜಿನವನಿಗೆ ಬಾಯಿ ಕೊಡಬಹುದು ಅನ್ನುವವರೂ ಇದ್ದಾರೆ. ಕೊಡಬಹುದು, ನಿಜ. ಆದರೆ ನಿಯಮ ಇಲ್ಲದಾಗ ಪಂಜಿನವನು ‘ಬರಲ್ಲ’ ಅಂದರೆ ಅದು ಭಾಗವತರ ಹಟದಂತೆ ಕಾಣುತ್ತದೆ, ಆಟಗಾರರು ಭಾಗವತರ ಮೇಲೆ ಮುನಿಯುತ್ತಾರೆ. ದಾಳ ಬಿದ್ದು ‘ಬರಲ್ಲ’ ಅಂದರೆ ಅದು ಅವನ ಮಾತು. ಅವನ ಜೊತೆ ಮಾತಾಡಲೇಬೇಕು.

ಲೆಕ್ಕ ಹಗುರವಾಗಿಯೂ ಇರಬಲ್ಲದು ಎಂಬುದಕ್ಕೆ 2012ರ ‘ಡಂಜನ್ ವರ್ಲ್ಡ್’ ಸಾಕ್ಷಿ. ಅಲ್ಲಿ ಒಬ್ಬೊಬ್ಬ ಕೂಲಿಯಾಳಿಗೂ ಒಂದು ಬೇಕು ಇರುತ್ತದೆ. ಒಬ್ಬನಿಗೆ ದುಡ್ಡು, ಇನ್ನೊಬ್ಬನಿಗೆ ಕೀರ್ತಿ, ಮತ್ತೊಬ್ಬನಿಗೆ ತಿಳಿವಳಿಕೆ, ಇನ್ಯಾರಿಗೋ ನಾಲ್ಕು ಜನಕ್ಕೆ ಒಳ್ಳೆಯದಾಗುವುದು. ಆ ಬೇಕು ಈಡೇರಿದಾಗ ಅವನ ನಿಯತ್ತು ಒಂದು ಅಂಕ ಏರುತ್ತದೆ. ಹೇಳಿದ ಕೆಲಸ ಅಪಾಯದ್ದೋ ಅವಮಾನದ್ದೋ ಹುಚ್ಚುತನದ್ದೋ ಆದಾಗ ಮಾತ್ರ ದಾಳ. ‘ಅವಮಾನ’ ಎಂಬ ಪದವನ್ನು ಆ ಸಾಲಿಗೆ ಸೇರಿಸಿದವರಿಗೆ ನಾನು ಋಣಿ. ಮನುಷ್ಯ ಕೆಲಸ ಬಿಡುವುದು ಜೀವಭಯಕ್ಕೆ ಮಾತ್ರವಲ್ಲ. ಇಡೀ ನಿಯಮ ಎರಡು ಪುಟ ಇರಬಹುದು. ವರ್ಚಸ್ಸಿನ ಕೋಷ್ಟಕ ಇಲ್ಲ. ನಿಯತ್ತು ಕೊನೆಗೂ ಆಳಿನ ಹಾಳೆಗೆ ಬಂತು.

ಇನ್ನು ಪ್ರಾಣಿಗಳ ವಿಷಯ. 2014ರ ಕೈಪಿಡಿಯಲ್ಲಿ ಬೇಟೆಗಾರನಿಗೊಂದು ಸಂಗಾತಿ ಪ್ರಾಣಿ ಸಿಗುತ್ತದೆ, ತೋಳವೋ ಗಿಡುಗವೋ. ಅದು ಸತ್ತರೆ ಬೇರೆ ಪ್ರಾಣಿಯ ಜೊತೆ 8 ಗಂಟೆ ಕಳೆದು ಮಂತ್ರದ ನಂಟು ಬೆಸೆದುಕೊಂಡರೆ ಆಯಿತು, ಹೊಸದು ತಯಾರು. ಒಂದು ಶಿಫ್ಟಿನ ಕೆಲಸ. ಇದನ್ನು ಕನ್ನಡಕ್ಕೆ ತರುವಾಗ ನನಗೆ ಆತಕೂರು ಶಾಸನ ನೆನಪಾಯಿತು. ಹತ್ತನೇ ಶತಮಾನದ ನಡುವಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಕಡೆಯ ಮಣಲೆರ ಎಂಬವನು ಚೋಳರ ವಿರುದ್ಧದ ಯುದ್ಧದಲ್ಲಿ ಪರಾಕ್ರಮ ತೋರಿದಾಗ, ಏನು ಬೇಕೋ ಕೇಳು ಎಂದು ಒಡೆಯ ಹೇಳುತ್ತಾನೆ. ಮಣಲೆರ ಕೇಳುವುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಹಂದಿಯೊಡನೆ ಕಾದಾಡಿ, ಅದನ್ನೂ ಕೊಂದು ತಾನೂ ಸಾಯುತ್ತದೆ. ಅದಕ್ಕೊಂದು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಕಲ್ಲಿನ ಮೇಲೆ ನಾಯಿ ಹಂದಿಗಳ ಕಾಳಗ ಇವತ್ತಿಗೂ ಕಾಣುತ್ತದೆ. ಕಾಳಿಯ ಹೆಸರು ಸಾವಿರ ವರ್ಷ ದಾಟಿ ಉಳಿದಿದೆ. ನಮ್ಮ ಮೇಜಿನಲ್ಲಿ ಸತ್ತ ಮೂರು ತೋಳಗಳಲ್ಲಿ ಒಂದಕ್ಕಾದರೂ ಹೆಸರಿತ್ತೇ ಎಂದು ಕೇಳಿದಾಗ ಮೇಜು ಗಪ್‌ಚುಪ್.

ನಿಯತ್ತಿನ ನಿಯಮವನ್ನು ಒಡೆಯನ ಮೇಲೂ ತಿರುಗಿಸಬಹುದು ಎಂದು ತೋರಿಸಿದ್ದು ಗ್ರೆಗ್ ಸ್ಟಾಫರ್ಡ್ 1985ರಲ್ಲಿ ತಂದ ‘ಪೆಂಡ್ರಾಗನ್’. ಆರ್ಥರ್ ದೊರೆಯ ಕಾಲದ ಆಟ. ಅಲ್ಲಿ ನೀವೇ ಒಬ್ಬ ದೊರೆಯ ಕೈಕೆಳಗಿನ ವೀರ. ನಿಮ್ಮ ಹಾಳೆಯಲ್ಲೇ ‘ಒಡೆಯನಲ್ಲಿ ನಿಷ್ಠೆ’ ಎಂಬ ಅಂಕ ಇರುತ್ತದೆ, ನಿಮ್ಮದೇ ನಿಷ್ಠೆಗೆ ನೀವು ದಾಳ ಹಾಕುತ್ತೀರಿ. ಎರಡು ವರ್ಷಗಳ ನಂತರ ಬಂದ ‘ಆರ್ಸ್ ಮ್ಯಾಜಿಕಾ’ದ ದಾರಿ ಬೇರೆ. ಮಂತ್ರವಾದಿಗಳ ಮಠದ ಕಾವಲಾಳುಗಳನ್ನು ಅಲ್ಲಿ ಗ್ರಾಗ್ ಅನ್ನುತ್ತಾರೆ. ಅವರು ಯಾರೊಬ್ಬರ ಸೊತ್ತೂ ಅಲ್ಲ. ಮೇಜಿನಲ್ಲಿರುವ ಎಲ್ಲರೂ ಸರದಿಯಂತೆ ಅವರಾಗಿ ಆಡುತ್ತಾರೆ. ಇವತ್ತು ಮಂತ್ರವಾದಿಯಾಗಿ ಅಪ್ಪಣೆ ಕೊಟ್ಟವರು ನಾಳೆ ಗ್ರಾಗ್ ಆಗಿ ಅಪ್ಪಣೆ ಕೇಳಬೇಕು. ನಮ್ಮ ಮೇಜಿನಲ್ಲಿ ಇದನ್ನು ಕದ್ದು ತಂದಿದ್ದೇವೆ. ನಿಮ್ಮ ಸಾಹಸಿ ಊರಲ್ಲೇ ಉಳಿದ ದಿನ ನೀವು ಪಂಜಿನವರು. ಮೊದಲ ದಿನವೇ ಇಂಥ ಒಬ್ಬ ಪಂಜಿನವನು ಬಾವಿಯ ಮೆಟ್ಟಿಲ ಮೇಲೆ ನಿಂತು, ಹೋದ ಸಲ ಪಂಜು ಹಿಡಿದವನು ಏನಾದ, ಅವನ ಕೂಲಿ ಮನೆಗೆ ಮುಟ್ಟಿತೇ ಎಂದು ಕೇಳಿದ. ಒಂದು ಗಂಟೆಯ ಚರ್ಚೆ. ಆವತ್ತು ಡ್ರ್ಯಾಗನ್ ಸಿಗಲಿಲ್ಲ. ತಿಂಗಳಾದರೂ ಎಲ್ಲರೂ ನೆನೆಸಿಕೊಳ್ಳುವುದು ಆ ಆಟವನ್ನೇ.

ಆಟದ ಹೊರಗಿನ ಒಂದು ಮಾತು ಹೇಳದೆ ಇರಲಾರೆ. ನಾವು ವಾಸಿಸುವ ದೊಡ್ಡ ಊರುಗಳ ಎಷ್ಟೋ ಸೊಸೈಟಿಗಳಲ್ಲಿ ಗೇಟಿನ ಲೆಕ್ಕ ಇಡಲು ಆ್ಯಪ್ ಇದೆ. ಮನೆಕೆಲಸದವರ ಫೋಟೊ, ಹೆಸರು, ಬಂದ ಹೊತ್ತು, ಹೋದ ಹೊತ್ತು. ಕೆಲವದರಲ್ಲಿ ಅವರಿಗೆ ನಕ್ಷತ್ರ ಕೊಡುವ ಅವಕಾಶವೂ ಇದೆ, ಐದಕ್ಕೆ ನಾಲ್ಕು, ಐದಕ್ಕೆ ಮೂರು. ‘ನಂಬಿಕಸ್ಥೆ’ ಎಂದು ಒಬ್ಬರು ಬರೆದರೆ ನಾಲ್ಕು ಮನೆಯ ಕೆಲಸ ಹೆಚ್ಚು ಸಿಗುತ್ತದೆ. ಯಾವ ಮನೆಯಲ್ಲಿ ಸಂಬಳ ತಡ, ಯಾವ ಮನೆಯಲ್ಲಿ ನಾಯಿ ಕಟ್ಟಿಹಾಕುವುದಿಲ್ಲ, ಯಾವ ಮನೆಯ ಯಜಮಾನರು ಮನೆಯಲ್ಲಿರುವಾಗ ಒಬ್ಬಳೇ ಹೋಗಬಾರದು ಎಂದು ಅವರು ಬರೆಯಲು ನಾನು ನೋಡಿದ ಆ್ಯಪುಗಳಲ್ಲಿ ಜಾಗ ಇಲ್ಲ. ಅದನ್ನು ಅವರು ಬಸ್‌ಸ್ಟಾಪಿನಲ್ಲಿ ಹೇಳಿಕೊಳ್ಳುತ್ತಾರೆ. 1981ರ ಆ ಪುಸ್ತಕದಲ್ಲಿ ಆಳುಗಳು ನಾಲ್ಕು ಜನಕ್ಕೆ ಹೇಳುತ್ತಾರೆ ಎಂದು ಇದ್ದದ್ದು ಇದನ್ನೇ.

ನಮ್ಮ ಮೇಜಿನ ಕನ್ನಡ ನಿಯಮಪಟ್ಟಿ ಸದ್ಯ ಹನ್ನೊಂದು ಪುಟ ಆಗಿದೆ. ಜೊತೆಯಾಳಿನ ಪುಟದಲ್ಲಿ ಮೊದಲ ಸಾಲು ಹೆಸರು, ಎರಡನೆಯದು ‘ಏನು ಬೇಕು’, ಮೂರನೆಯದು ‘ಯಾವುದಕ್ಕೆ ಬರಲ್ಲ’. ದಿನಗೂಲಿ 2 ಬೆಳ್ಳಿಯನ್ನು 5 ಮಾಡಿದ್ದೇವೆ, ಸತ್ತರೆ ಮನೆಯವರಿಗೆ ತಂಡದ ಒಂದು ಪಾಲು. ಜಿಪುಣ ಆಟಗಾರರೊಬ್ಬರು ಇದನ್ನು ಇನ್ನೂ ಒಪ್ಪಿಲ್ಲ, ಮುಂದಿನ ಭಾನುವಾರ ವಾದ ಮುಂದುವರಿಯಲಿದೆ. ಮೊರೇಲ್‌ಗೆ ಎದೆಗಾರಿಕೆ ಎಂದು ಹಾಕಿದ್ದು ನನಗೇ ಪೂರ್ತಿ ಹಿಡಿಸಿಲ್ಲ. ಓಡಿಹೋದವನನ್ನು ಅದು ಹೇಡಿ ಅಂದ ಹಾಗಾಗುತ್ತದೆ, 2 ಬೆಳ್ಳಿಗೆ ಬಂದವನು ಡ್ರ್ಯಾಗನ್ ಕಂಡು ಓಡಿದರೆ ಅದು ಹೇಡಿತನವೇ? ‘ಧೈರ್ಯ’ ಬೇಡ, ‘ಮನೋಬಲ’ ಪೊಲೀಸ್ ಪ್ರಕಟಣೆಯಂತಿದೆ. ನಿಮ್ಮ ಕಡೆ, ಬೀದರಿನಲ್ಲೋ ಕಾಸರಗೋಡಿನಲ್ಲೋ ಅಕ್ಕಲಕೋಟೆಯಲ್ಲೋ, ‘ನಿಲ್ಲುವ ಮನಸ್ಸು’ ಎಂಬ ಅರ್ಥದ ಬೇರೆ ಪದ ಇದ್ದರೆ ಈ ಮೇಲ್‌ಗೇ ಉತ್ತರ ಬರೆಯಿರಿ. ಹನ್ನೆರಡನೇ ಪುಟ ಖಾಲಿ ಇದೆ.